ಸತ್ತವರ ಮನೆಯಲ್ಲಿ ಹಾಡುವುದು ಯಾರಿಗೆ?

ನಮ್ಮ ಹಾವೇರಿ ಕಡೆ ಯಾರಾದರೂ ತೀರಿಕೊಂಡರೆ ಮೊದಲು ಬೀಗರಿಗೆ ಫೋನ್ ಹೋಗುತ್ತದೆ, ಆಮೇಲೆ ಭಜನಿ ಮೇಳಕ್ಕೆ. ಮಣ್ಣು ಮರುದಿನ ಎಂದಾದರೆ ರಾತ್ರಿಯಿಡೀ ಹಾಡಬೇಕು. ಮಾಸ್ತರಿಕೆ ಮುಗಿಸಿ ಮನೆಯಲ್ಲಿರುವ ನಾನು ಆ ಮೇಳದಲ್ಲಿ ದಮ್ಮಡಿ ಬಾರಿಸುತ್ತೇನೆ. ಆತ್ಮ ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತಿಲ್ಲ; ಗೊತ್ತಿದೆ ಎನ್ನುವವರ ಮೇಲೆ ನಂಬಿಕೆಯೂ ಅಷ್ಟಕ್ಕಷ್ಟೆ. ಬೆಂಗಳೂರಿನಲ್ಲಿ ಓದುವ ತಂಗಿಯ ಮಗ ನೆಟ್ಟಗೆ ಕೇಳಿಯೇಬಿಟ್ಟ: “ಮಾಮಾ, ಸತ್ತವ್ರಿಗೆ ಕೇಳಸಂಗಿಲ್ಲ. ನೀ ದೇವ್ರನ್ನ ನಂಬಂಗಿಲ್ಲ. ಮತ್ತ ಯಾರಿಗೆ ಹಾಡ್ತಿ?”

ದೇವರಿಗೆ ಎನ್ನೋಣವೆಂದರೆ ಬಸವಣ್ಣನವರೇ ಬಿಡುವುದಿಲ್ಲ. ಶಿವ ನಾದಕ್ಕೂ ಒಲಿಯುವವನಲ್ಲ, ವೇದಕ್ಕೂ ಅಲ್ಲ, ಭಕ್ತಿಗೆ ಮಾತ್ರ ಎಂದು ಹೇಳಿ, ನಾದ ನುಡಿಸಿದ ರಾವಣನ ಗತಿ ಏನಾಯಿತೆಂಬುದನ್ನೂ ನೆನಪಿಸಿದ್ದಾರೆ. ನಮ್ಮ ಹಾರ್ಮೋನಿಯಂ ಸದ್ದಿಗೆ ದೇವರು ಇಳಿದು ಬಂದಾನೆಂಬ ಆಸೆಗೆ 12ನೇ ಶತಮಾನದಲ್ಲೇ ಎಳ್ಳುನೀರು ಬಿಟ್ಟಾಗಿದೆ.

ಲಿಂಗಾಯತರ ಮನೆಯಾದರೆ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದಿರುತ್ತಾರೆ. ಎದುರಿಗೆ ಜಮಖಾನದ ಮೇಲೆ ನಾವು. ಥಂಡಿಗೆ ದಮ್ಮಡಿಯ ಚರ್ಮ ಸಡಿಲಾಗಿ ಡಬ್ ಡಬ್ ಎನ್ನತೊಡಗುತ್ತದೆ. ಅಂಗಳದ ಬೆಂಕಿಗೆ ಹಿಡಿದು ಕಾಯಿಸಿಕೊಂಡು ಬಂದರೆ ಮತ್ತೆ ಖಣ್ ಎನ್ನುತ್ತದೆ. ಮುಂದಾಳು ಒಂದು ಸಾಲು ಹೇಳುತ್ತಾನೆ, ಉಳಿದವರು ಅದನ್ನೇ ಎತ್ತಿಕೊಳ್ಳುತ್ತೇವೆ.

ಹಾಡುವ ಪದಗಳಿಗೆ ಮಾತ್ರ ದಯೆ ದಾಕ್ಷಿಣ್ಯ ಇಲ್ಲ. ಶಿಶುನಾಳ ಶರೀಫರ (1819–1889) ಮಾಳಿಗೆ ಸೋರುವ ಪದ, ಕಡಕೋಳ ಮಡಿವಾಳಪ್ಪನವರ ಪದ. ಈ ದೇಹ ನಿನ್ನದಲ್ಲ, ಹೆಂಡಿರು ಮಕ್ಕಳು ನಿನ್ನವರಲ್ಲ, ಹೋಗುವಾಗ ಒಬ್ಬನೇ ಹೋಗಬೇಕು. ಅಂದೇ ಗಂಡನನ್ನು ಕಳಕೊಂಡವಳ ಮುಂದೆ ಇದನ್ನು ಬರೀ ಮಾತಿನಲ್ಲಿ ಹೇಳಿ ನೋಡಿ, ಓಣಿಯವರು ಹೊಡೆದು ಅಟ್ಟುತ್ತಾರೆ. ಹಾಡಿದರೆ ಯಾರೂ ಬ್ಯಾಸರ ಮಾಡಿಕೊಳ್ಳುವುದಿಲ್ಲ. ನಿನಗೆ ಯಾರೂ ಇಲ್ಲ ಎಂಬುದನ್ನು ಇಲ್ಲಿ ಹದಿನೈದಿಪ್ಪತ್ತು ಮಂದಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಒಟ್ಟಿಗೆ ಹೇಳುತ್ತಿರುತ್ತಾರಲ್ಲ! ಪದದ ಅರ್ಥ ಒಂದು ಹೇಳಿದರೆ ಹಾಡುವ ರೀತಿ ಅದನ್ನು ಅಲ್ಲೇ ಸುಳ್ಳು ಮಾಡುತ್ತದೆ. ತತ್ವಪದಕಾರರಿಗೆ ಇದು ತಿಳಿದಿರಲಿಲ್ಲವೆಂದು ನನಗನಿಸುವುದಿಲ್ಲ. ಒಬ್ಬನೇ ಹಾಡಿಕೊಳ್ಳುವ ಪದವಾಗಿದ್ದರೆ ಪಲ್ಲವಿಗೆ ಅಷ್ಟು ಸಲ ಮರಳುವ ಹಂಗೇನಿತ್ತು?

ಬಿಕ್ಕುವುದೂ ಹಾಡುವುದೂ ಉಸಿರಿನ ಕೆಲಸವೇ. ಬಿಕ್ಕಿದರೆ ಉಸಿರು ತುಂಡಾಗುತ್ತದೆ, ಹಾಡಿದರೆ ಉದ್ದವಾಗುತ್ತದೆ. ಎರಡೂ ಕೂಡಿ ಆಗುವುದಿಲ್ಲ. ಹೋದ ಚಳಿಗಾಲ ಒಂದು ಮನೆಯಲ್ಲಿ ಮಗನನ್ನು ಕಳಕೊಂಡ ಮುದುಕಿ ನಸುಕಿನ ಹೊತ್ತಿಗೆ ಪಲ್ಲವಿಯ ಕೊನೆಯ ಅಕ್ಷರವನ್ನಷ್ಟೇ ನಮ್ಮ ಜೊತೆ ಎಳೆಯತೊಡಗಿದಳು. ಮುಂದಾಳು ಅದನ್ನು ನೋಡಿ ಮುಂದಿನ ನುಡಿಗೆ ಹೋಗದೆ ಪಲ್ಲವಿಯನ್ನೇ ತಿರುತಿರುಗಿ ಹಾಡಿಸಿದ. ಆಕೆಯ ದುಃಖ ಹೋಯಿತೆಂದು ಹೇಳುತ್ತಿಲ್ಲ. ಹಿಂದಿನ ದಿನದಿಂದ ಹನಿ ನೀರು ಮುಟ್ಟದವಳು ಒಂದು ಕಪ್ ಚಹಾ ಕುಡಿದಳು, ಅಷ್ಟೆ.

2013ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು, ಕೂಡಿ ಹಾಡುವವರ ಎದೆಬಡಿತ ಒಟ್ಟೊಟ್ಟಿಗೆ ಏರಿಳಿಯುತ್ತದೆಂದು ಅಳೆದು ತೋರಿಸಿದರು. ಸಾಲಿನ ಉದ್ದಕ್ಕೆ ತಕ್ಕಂತೆ ಎಲ್ಲರೂ ಒಮ್ಮೆಲೇ ಉಸಿರು ಬಿಡುವುದು ಇದಕ್ಕೆ ಕಾರಣ. ಮೇಳದ ಹಿರಿಯರೊಬ್ಬರಿಗೆ ಇದನ್ನು ಹೇಳಿದೆ. “ಅದಕ್ಕ ಮಷೀನ್ ಯಾಕ ಬೇಕಾಗಿತ್ರೀ ಮಾಸ್ತರ?” ಎಂದರು.

ಈಗೀಗ ಪೆನ್‌ಡ್ರೈವ್ ಹಾಕಿ ರಾತ್ರಿಯಿಡೀ ಸ್ಪೀಕರ್ ಹಚ್ಚುವ ಮನೆಗಳಿವೆ. ಸಿ. ಅಶ್ವತ್ಥ್ ಹಾಡಿದ ಶರೀಫರ ಪದ ನಮ್ಮ ಒಡಕು ಗಂಟಲಿಗಿಂತ ಸಾವಿರ ಪಾಲು ಚಂದ, ತಕರಾರಿಲ್ಲ. ಆದರೆ ಸ್ಪೀಕರು ಮುದುಕಿಗಾಗಿ ಪಲ್ಲವಿ ತಿರುಗಿಸುವುದಿಲ್ಲ.

ತಂಗಿಯ ಮಗನಿಗೆ ನಾನು ಕೊಟ್ಟ ಉತ್ತರ ಇದು: ಹಾಡುವುದು ಬದುಕಿರುವವರಿಗೆ, ಹಾಡುವವನೂ ಅವರಲ್ಲಿ ಒಬ್ಬ. ನಂಬಿಕೆ ಇಟ್ಟುಕೊಂಡೇ ಬಾ ಎಂದು ನಮ್ಮ ಜಮಖಾನದ ಮೇಲೆ ಇವತ್ತಿನವರೆಗೆ ಯಾರೂ ಯಾರಿಗೂ ಹೇಳಿಲ್ಲ. ಶರೀಫರಂಥ ಮುಸಲ್ಮಾನರು ಕಳಸದ ಗೋವಿಂದ ಭಟ್ಟರ ಶಿಷ್ಯರಾಗಿ ಹಾಡಿದ ಸೀಮೆ ಇದು. ಇಲ್ಲಿ ಅಂಥ ತಪಾಸಣೆ ಶೋಭಿಸುವುದೂ ಇಲ್ಲ.

ಮೇಳದಲ್ಲಿ ವಯಸ್ಸಾದವರೇ ಹೆಚ್ಚು. ತಾಳ ಹಾಕುವವರು ಕಮ್ಮಿ ಬಿದ್ದಿದ್ದಾರೆ. ಸೋಮವಾರ ರಾತ್ರಿ ಊಟ ಮುಗಿಸಿ ಗುಡಿಗೆ ಬನ್ನಿ. ರಾಗ ಬರಬೇಕೆಂದಿಲ್ಲ, ತಾಳ ನಾವು ಕೊಡುತ್ತೇವೆ.