ಮಾರಾಟ ತೆರಿಗೆ ಮತ್ತು ಧರ್ಮಪ್ರಜ್ಞೆ: ಅಲಬಾಮಾದ ಒಂದು ಪ್ರಸಂಗ

ಜನಪ್ರತಿನಿಧಿಯೊಬ್ಬ ತೆರಿಗೆ ಮಸೂದೆಗಳಿಗೆ ಹೇಗೆ ಮತ ಹಾಕಿದ್ದಾನೆ ಎಂಬ ದಾಖಲೆಯನ್ನು ಅಮೆರಿಕದ ಮತದಾರರು ಅವನ ಶೀಲದ ಪ್ರಮಾಣಪತ್ರದಂತೆ ಓದುವುದುಂಟು. ತೆರಿಗೆ ಏರಿಕೆಗೆ ಒಮ್ಮೆಯೂ ಕೈ ಎತ್ತದವನು ನುಡಿದಂತೆ ನಡೆದವನು, ಎತ್ತಿದವನು ಮಾತಿಗೆ ತಪ್ಪಿದವನು. ಈ ಅಳತೆಗೋಲು ನೀತಿಯ ದೃಷ್ಟಿಯಿಂದ ಎಷ್ಟು ಸರಿ ಎಂಬ ಪ್ರಶ್ನೆ 2003ರಲ್ಲಿ ಅಲಬಾಮಾ ರಾಜ್ಯದಲ್ಲಿ ಧರ್ಮಶಾಸ್ತ್ರದ ಚರ್ಚೆಯಾಗಿ ಬೆಳೆಯಿತು. ಅದರ ಕೇಂದ್ರದಲ್ಲಿದ್ದವರು ಗವರ್ನರ್ ಬಾಬ್ ರೈಲಿ. ಅವರು ರಿಪಬ್ಲಿಕನ್ ಪಕ್ಷದವರು, ಬ್ಯಾಪ್ಟಿಸ್ಟ್ ಪಂಥದ ಕ್ರೈಸ್ತರು. 1997ರಿಂದ ಆರು ವರ್ಷ ಅಮೆರಿಕ ಸಂಸತ್ತಿನ ಪ್ರತಿನಿಧಿ ಸಭೆಯಲ್ಲಿದ್ದಾಗ ತೆರಿಗೆ ವಿರೋಧಿ ಎಂದೇ ಹೆಸರಾಗಿದ್ದರು.

ಅಮೆರಿಕದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಮಾರಾಟ ತೆರಿಗೆ ಇಲ್ಲ. ದರವನ್ನು ರಾಜ್ಯಗಳು ಗೊತ್ತುಮಾಡುತ್ತವೆ. ಅದರ ಮೇಲೆ ಹಲವೆಡೆ ಕೌಂಟಿಗಳೂ ನಗರಗಳೂ ತಮ್ಮ ಪಾಲನ್ನು ಸೇರಿಸುತ್ತವೆ. ಅಲಬಾಮಾದಲ್ಲಿ ರಾಜ್ಯದ ದರ ಶೇ 4. ಸ್ಥಳೀಯ ದರಗಳೂ ಸೇರಿದರೆ ಹಲವು ಊರುಗಳಲ್ಲಿ ಅದು ಇಮ್ಮಡಿಯಾಗುತ್ತಿತ್ತು, ಕೆಲವೆಡೆ ಅದಕ್ಕೂ ಮೇಲೇರುತ್ತಿತ್ತು. ಹಾಲು, ಬ್ರೆಡ್, ತರಕಾರಿಯಂಥ ದಿನಸಿಗೂ ವಿನಾಯಿತಿ ಇರಲಿಲ್ಲ. ಈ ತೆರಿಗೆ ಕೊಳ್ಳುವವನ ಜೇಬನ್ನು ನೋಡುವುದಿಲ್ಲ, ಬಿಲ್ಲನ್ನಷ್ಟೇ ನೋಡುತ್ತದೆ. ವರ್ಷಕ್ಕೆ 20,000 ಡಾಲರ್ ದುಡಿಯುವ ಕುಟುಂಬ 15,000 ಡಾಲರಿನ ಸರಕು ಕೊಂಡಿತೆನ್ನೋಣ. ಶೇ 8ರ ದರದಲ್ಲಿ ಅದು ಕಟ್ಟುವ 1,200 ಡಾಲರ್ ತನ್ನ ದುಡಿಮೆಯ ಶೇ 6 ಆಗುತ್ತದೆ. ಎರಡು ಲಕ್ಷ ದುಡಿಯುವ ಕುಟುಂಬ 50,000 ಡಾಲರಿನ ಸರಕು ಕೊಂಡರೂ ಅದರ ತೆರಿಗೆ ಆದಾಯದ ಶೇ 2 ದಾಟುವುದಿಲ್ಲ. ದರ ಒಂದೇ, ಹೊರೆ ಒಂದೇ ಅಲ್ಲ.

ಉಳಿದ ತೆರಿಗೆಗಳೂ ಈ ಓರೆಯನ್ನು ತಿದ್ದುತ್ತಿರಲಿಲ್ಲ. ನಾಲ್ಕು ಜನರ ಕುಟುಂಬ ವರ್ಷಕ್ಕೆ 4,600 ಡಾಲರ್ ಗಳಿಸಿದರೆ ಸಾಕು, ಆದಾಯ ತೆರಿಗೆ ಶುರುವಾಗುತ್ತಿತ್ತು. ದೇಶದಲ್ಲೇ ಅತಿ ಕೆಳಗಿನ ಮಿತಿ ಅದು. ಆದಾಯ ತೆರಿಗೆಯ ಗರಿಷ್ಠ ದರಕ್ಕೆ ರಾಜ್ಯದ ಸಂವಿಧಾನವೇ ಶೇ 5ರ ಗೆರೆ ಎಳೆದಿತ್ತು. ಆಸ್ತಿ ತೆರಿಗೆ ದೇಶದಲ್ಲೇ ಅತ್ಯಂತ ಕಡಿಮೆಯದಾಗಿತ್ತು. ಕಪ್ಪು ಜನರನ್ನೂ ಬಡ ಬಿಳಿಯರನ್ನೂ ಮತದಾನದಿಂದ ಹೊರಗಿಡಲೆಂದು ರಚಿತವಾದ 1901ರ ಸಂವಿಧಾನ, ಮುಂದೆ ಅದಕ್ಕಾದ ತಿದ್ದುಪಡಿಗಳು ಸೇರಿ ಭೂಮಾಲೀಕರ ಸುತ್ತ ಬೇಲಿ ಕಟ್ಟಿದ್ದವು. ಹೀಗಾಗಿ ಶಾಲೆಗಳ ಖರ್ಚಿನ ದೊಡ್ಡ ಪಾಲು ಅಂಗಡಿಯ ಗಲ್ಲಾದಿಂದಲೇ ಬರಬೇಕಿತ್ತು.

ಈ ಲೆಕ್ಕವನ್ನು ಪಾಪಪುಣ್ಯದ ಪ್ರಶ್ನೆಯಾಗಿಸಿದವರು ಅಲಬಾಮಾ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕಿ ಸೂಸನ್ ಪೇಸ್ ಹ್ಯಾಮಿಲ್. ತೆರಿಗೆ ಕಾನೂನಿನ ತಜ್ಞೆಯಾದ ಅವರು ಬರ್ಮಿಂಗ್‌ಹ್ಯಾಮಿನ ಬೀಸನ್ ಧರ್ಮಶಾಸ್ತ್ರ ಶಾಲೆಯಲ್ಲಿ ಓದುವಾಗ ಬರೆದ ಪ್ರಬಂಧ 2002ರಲ್ಲಿ ಪ್ರಕಟವಾಯಿತು. ರಾಜ್ಯದ ಭೂಮಿಯಲ್ಲಿ ಶೇ 71ರಷ್ಟು ಮರದ ದಿಮ್ಮಿಗಾಗಿ ಬೆಳೆಸಿದ ಕಾಡು, ಆಸ್ತಿ ತೆರಿಗೆಯಲ್ಲಿ ಅದರ ಪಾಲು ಶೇ 2ಕ್ಕಿಂತ ಕಡಿಮೆ ಎಂದು ಅವರು ತೋರಿಸಿದರು. ಬಳಿಕ ಅದನ್ನು ಬೈಬಲಿನ ಮುಂದಿಟ್ಟರು. ಹೊಲದ ಅಂಚನ್ನು ಕೊಯ್ಯದೆ ಬಿಡಬೇಕು, ಹಕ್ಕಲನ್ನು ಬಡವರಿಗೂ ಪರದೇಶಿಗಳಿಗೂ ಉಳಿಸಬೇಕು ಎಂಬುದು ಯಾಜಕಕಾಂಡದ ಕಟ್ಟಳೆ. ಆಮೋಸ, ಮೀಕರಂಥ ಪ್ರವಾದಿಗಳು ಬಡವರನ್ನು ತುಳಿಯುವ ಸಿರಿವಂತರನ್ನು ಖಂಡಿಸಿದರು. ಇಂಥ ಬೋಧನೆಗಳಿಂದ ಹ್ಯಾಮಿಲ್ ಎರಡು ಸೂತ್ರಗಳನ್ನು ತೆಗೆದರು: ಬಡವರನ್ನು ಹಿಂಡಬಾರದು, ತಮ್ಮ ಸ್ಥಿತಿಯನ್ನು ಸುಧಾರಿಸಿಕೊಳ್ಳಲು ಅವರಿಗೆ ತಕ್ಕ ಅವಕಾಶವಿರಬೇಕು. ದಿನಸಿಯ ಮೇಲಿನ ತೆರಿಗೆ ಮೊದಲನೆಯದನ್ನು, ಹಣವಿಲ್ಲದೆ ಸೊರಗಿದ ಶಾಲೆ ಎರಡನೆಯದನ್ನು ಮುರಿಯುತ್ತದೆ ಎಂಬುದು ಅವರ ತೀರ್ಮಾನ.

ರೈಲಿ ಅಧಿಕಾರಕ್ಕೆ ಬಂದಾಗ ರಾಜ್ಯದ ಬೊಕ್ಕಸಕ್ಕೆ ಸುಮಾರು 67.5 ಕೋಟಿ ಡಾಲರ್ ಕೊರತೆ ಇತ್ತು. ಅವರು ಮುಂದಿಟ್ಟದ್ದು ಕೊರತೆಯನ್ನೂ ಮೀರಿದ, ವರ್ಷಕ್ಕೆ 120 ಕೋಟಿ ಡಾಲರ್ ತರುವ ಯೋಜನೆ. ಅದರ ಭಾರ ಬಹುಪಾಲು ದೊಡ್ಡ ಭೂಮಾಲೀಕರು, ಕಂಪನಿಗಳು ಮತ್ತು ಸ್ಥಿತಿವಂತರ ಮೇಲೆ ಬೀಳುತ್ತಿತ್ತು. ಬಡ ಕುಟುಂಬಗಳ ಆದಾಯ ತೆರಿಗೆಯ ಮಿತಿ ಹಲವು ಪಟ್ಟು ಏರುತ್ತಿತ್ತು. ದೇವರನ್ನೂ ನೆರೆಯವರನ್ನೂ ಪ್ರೀತಿಸಬೇಕು, ಅತ್ಯಂತ ದುರ್ಬಲರನ್ನು ನೋಡಿಕೊಳ್ಳಬೇಕು ಎಂಬ ಹೊಸ ಒಡಂಬಡಿಕೆಯ ಬೋಧನೆಯನ್ನೇ ಅವರು ಸಮರ್ಥನೆಯಾಗಿ ಮುಂದಿಟ್ಟರು. ವಿಧಾನಮಂಡಲ ಒಪ್ಪಿತು. ಸಂವಿಧಾನದ ತಿದ್ದುಪಡಿ ಬೇಕಿದ್ದುದರಿಂದ ಕೊನೆಯ ಮಾತು ಮತದಾರರದ್ದಾಯಿತು.

ವಿರೋಧವೂ ಧರ್ಮದ ಭಾಷೆಯಲ್ಲೇ ಬಂತು. ಕ್ರೈಸ್ತ ರಾಜಕೀಯ ಸಂಘಟನೆಯಾದ ಕ್ರಿಶ್ಚಿಯನ್ ಕೋಯಲಿಷನ್‌ನ ಅಲಬಾಮಾ ಶಾಖೆ ಯೋಜನೆಯನ್ನು ತಿರಸ್ಕರಿಸಿತು. ಆದರೆ ಅದೇ ಸಂಘಟನೆಯ ರಾಷ್ಟ್ರೀಯ ಅಧ್ಯಕ್ಷೆ ಬೆಂಬಲಿಸಿದರು. ವಿರೋಧಿಗಳ ವಾದವನ್ನು ಅದರ ಗಟ್ಟಿ ರೂಪದಲ್ಲಿ ಹೀಗೆ ಹೇಳಬಹುದು: ದಾನ ಮನಸಾರೆ ಕೊಟ್ಟರಷ್ಟೇ ದಾನ. ಕಾನೂನಿನ ಬಲದಿಂದ ಕಿತ್ತುಕೊಂಡದ್ದರಲ್ಲಿ ಕೊಟ್ಟವನಿಗೆ ಪುಣ್ಯವಿಲ್ಲ, ಕಿತ್ತುಕೊಂಡವನಿಗೆ ಕರುಣೆಯ ಹೆಸರೂ ಸಲ್ಲದು. ಹಕ್ಕಲಿನ ಕಟ್ಟಳೆ ಹೊಲದೊಡೆಯನ ಅಂತಃಕರಣಕ್ಕೆ ಹೇಳಿದ ಮಾತು, ಅಧಿಕಾರಿಗೆ ಕೊಟ್ಟ ವಾರಂಟ್ ಅಲ್ಲ.

ದಾನದ ಮಟ್ಟಿಗೆ ಈ ಮಾತು ನಿಲ್ಲುತ್ತದೆ. ಆದರೆ ತೆರಿಗೆಯ ಚರ್ಚೆಯಲ್ಲಿ ಬಲವಂತ ಹೊಸದಾಗಿ ಒಳಬರುವುದಿಲ್ಲ, ಆಗಲೇ ಅಲ್ಲಿರುತ್ತದೆ. ಮಗುವಿಗೆ ಹಾಲು ಕೊಳ್ಳುವ ತಾಯಿ ಗಲ್ಲಾದ ಮುಂದೆ ಕೊಡುವ ಎಂಟು ಸೆಂಟ್ ಕೂಡ ಮನಸಾರೆ ಕೊಟ್ಟದ್ದಲ್ಲ. ಆದ್ದರಿಂದ ಬಲವಂತ ಬೇಕೇ ಬೇಡವೇ ಎಂಬುದಕ್ಕಿಂತ ಅದು ಯಾರ ಮೇಲೆ ಎಷ್ಟು ಎಂಬುದೇ ನಿಜವಾದ ಪ್ರಶ್ನೆ. ಹ್ಯಾಮಿಲ್ ಅವರ ವಾದಕ್ಕೆ ಬಲ ಬರುವುದು ಇಲ್ಲಿ: ಅವರು ತೆರಿಗೆಯನ್ನು ದಾನಕ್ಕೆ ಬದಲಿಯಾಗಿಸಲಿಲ್ಲ, ನ್ಯಾಯದ ಬಾಬತ್ತಾಗಿ ನೋಡಿದರು.

ಮತದ ದಾಖಲೆಯ ಅರ್ಥ ಬದಲಾಗುವುದೂ ಇಲ್ಲೇ. ವಾಷಿಂಗ್ಟನ್ನಿನಲ್ಲಿ ಕೇಂದ್ರದ ತೆರಿಗೆ ಏರಿಕೆಗೆ ಬೇಡ ಎನ್ನುವುದೂ ಅಲಬಾಮಾದಲ್ಲಿ ಭೂಮಿಯ ತೆರಿಗೆ ಏರಿಕೆಗೆ ಬೇಡ ಎನ್ನುವುದೂ ಪಟ್ಟಿಯಲ್ಲಿ ಒಂದೇ ಗುರುತು ಪಡೆಯುತ್ತವೆ, ಪರಿಣಾಮ ಬೇರೆ. ಎರಡನೆಯ ನಿರಾಕರಣೆ ಹಾಲಿನ ಮೇಲಿನ ತೆರಿಗೆಯನ್ನು ಇದ್ದಲ್ಲೇ ಉಳಿಸುತ್ತದೆ. ಏರಿಕೆಯನ್ನು ತಡೆದವನು ಇದ್ದ ಹಂಚಿಕೆಗೆ ಒಪ್ಪಿಗೆ ಕೊಟ್ಟಂತೆಯೇ. ಪ್ರತಿನಿಧಿ ಮತದಾರರಿಗೆ ತನ್ನ ದುಡಿಮೆಯನ್ನಷ್ಟೇ ಅಲ್ಲ, ವಿವೇಕವನ್ನೂ ಸಲ್ಲಿಸಬೇಕು ಎಂದು ಬ್ರಿಟಿಷ್ ರಾಜಕಾರಣಿ ಎಡ್ಮಂಡ್ ಬರ್ಕ್ 1774ರಲ್ಲಿ ಬ್ರಿಸ್ಟಲ್ ಮತದಾರರ ಮುಂದೆ ವಾದಿಸಿದ್ದ. ಆ ದೃಷ್ಟಿಯಿಂದ ರೈಲಿ ತಮ್ಮ ದಾಖಲೆಗೆ ಬೆನ್ನು ಮಾಡಿದ್ದು ಕರ್ತವ್ಯವೇ. ಆದರೂ ಒಂದು ಆಕ್ಷೇಪ ಉಳಿಯುತ್ತದೆ. ಜನ ಆರಿಸಿದ್ದು ಹಳೆಯ ದಾಖಲೆಯ ರೈಲಿಯನ್ನು. ಅಂತಃಕರಣ ಬದಲಾದ ಪ್ರತಿನಿಧಿ ಪಡೆದ ಒಪ್ಪಿಗೆ ಹಳತಾಗಿರುತ್ತದೆ. ಹೊಸ ನಿಲುವನ್ನು ಮತ್ತೆ ಜನರ ಮುಂದಿಡುವುದೇ ಇದಕ್ಕೆ ಪರಿಹಾರ, ಅಲಬಾಮಾದಲ್ಲಿ ನಡೆದದ್ದೂ ಅದೇ.

2003ರ ಸೆಪ್ಟೆಂಬರ್ 9ರಂದು ಮೂವರಲ್ಲಿ ಇಬ್ಬರು ಮತದಾರರು ಯೋಜನೆಯನ್ನು ತಳ್ಳಿಹಾಕಿದರು. ಅದರಿಂದ ತೆರಿಗೆ ಇಳಿಯಬೇಕಿದ್ದ ಬಡವರಲ್ಲೂ ಅನೇಕರು ಬೇಡವೆಂದರು. ಸರ್ಕಾರ ಹೇಳಿದಂತೆ ನಡೆದೀತೆಂಬ ನಂಬಿಕೆ ಅವರಿಗಿರಲಿಲ್ಲ. ಮತದಾನಕ್ಕೆ 13 ದಿನ ಮುಂಚೆ, ರಾಜಧಾನಿ ಮಾಂಟ್ಗೊಮರಿಯ ನ್ಯಾಯಾಂಗ ಕಟ್ಟಡದಿಂದ ದಶಾಜ್ಞೆಗಳನ್ನು ಕೆತ್ತಿದ ಎರಡು ಟನ್ನಿಗೂ ಮೀರಿದ ಕಲ್ಲನ್ನು ನ್ಯಾಯಾಲಯದ ಆದೇಶದಂತೆ ಸರಿಸಲಾಗಿತ್ತು. ಅದನ್ನು ಉಳಿಸಲು ಭಕ್ತರು ಮೆಟ್ಟಿಲ ಮೇಲೆ ಮಂಡಿಯೂರಿ ಪ್ರಾರ್ಥಿಸಿದ್ದರು. ಧರ್ಮವು ರಾಜ್ಯದ ಅಂಗಳದಲ್ಲಿ ಕಲ್ಲಾಗಿ ಇರಬೇಕೋ ಲೆಕ್ಕಪತ್ರದಲ್ಲಿ ದರವಾಗಿ ಇರಬೇಕೋ ಎಂಬ ಎರಡು ಪ್ರಶ್ನೆಗಳೂ ಎರಡು ವಾರಗಳೊಳಗೆ ಎದುರಾಗಿದ್ದವು.

ಸೋತ ಯೋಜನೆಯ ಕೆಲವು ಅಂಶಗಳು ಮುಂದೆ ಬಿಡಿಬಿಡಿಯಾಗಿ ಬಂದವು. 2006ರ ಕಾನೂನೊಂದು ಆದಾಯ ತೆರಿಗೆಯ ಮಿತಿಯನ್ನು 4,600ರಿಂದ 12,600 ಡಾಲರಿಗೆ ಏರಿಸಿತು. ಅದೇ ವರ್ಷ ರೈಲಿ ಮತ್ತೆ ಗೆದ್ದರು. ಆ ಯೋಜನೆ ಮುಟ್ಟದೆ ಬಿಟ್ಟಿದ್ದ ದಿನಸಿಯ ತೆರಿಗೆ ಇನ್ನೂ ಕಾಯಬೇಕಾಯಿತು. ಆಹಾರದ ಮೇಲಿನ ರಾಜ್ಯದ ದರ 2023ರ ಸೆಪ್ಟೆಂಬರಿನಲ್ಲಿ ಶೇ 3ಕ್ಕೆ, 2025ರ ಸೆಪ್ಟೆಂಬರಿನಲ್ಲಿ ಶೇ 2ಕ್ಕೆ ಇಳಿಯಿತು. 2023ರ ಮಸೂದೆಗೆ ಎರಡೂ ಸದನಗಳಲ್ಲಿ ಒಂದೂ ವಿರೋಧ ಮತ ಬೀಳಲಿಲ್ಲ. ಅದಕ್ಕೂ ಮುಂಚೆ ಇಂಥ ಮಸೂದೆಗಳು ವರ್ಷವರ್ಷವೂ ಮಂಡನೆಯಾಗಿ ದಡ ಮುಟ್ಟದೆ ಹೋಗಿದ್ದವು. ಕೊನೆಗೆ ಯಾರೊಬ್ಬರೂ ವಿರೋಧಿಸದ ಇಳಿಕೆಯನ್ನು ಅಷ್ಟು ಕಾಲ ತಡೆದವರು ಯಾರು ಎಂದು ಮತದ ದಾಖಲೆಯನ್ನು ತೆರೆದು ನೋಡಿದರೆ ಅಲ್ಲಿ ಪೂರ್ಣ ಉತ್ತರ ಸಿಗುವುದಿಲ್ಲ. ಮತಕ್ಕೇ ಬಾರದೆ ಉಳಿದದ್ದನ್ನು ಆ ದಾಖಲೆ ಬರೆದುಕೊಳ್ಳುವುದಿಲ್ಲ.