ಹತ್ತು ಕೋಟಿಯ ಸೋಲು

ಬಹುಮಾನ ದೊಡ್ಡದಾದಷ್ಟೂ ಜನ ಮುಗಿಬೀಳುತ್ತಾರೆ ಎಂಬುದು ಟಿ.ವಿ. ವಾಹಿನಿಗಳ ನಂಬಿಕೆ. ನಮ್ಮನ್ನು ಅವು ಅಳೆದಿರುವುದೇ ಹೀಗೆ. 2000ನೇ ಇಸವಿಯ ಜುಲೈಯಲ್ಲಿ ಸ್ಟಾರ್ ಪ್ಲಸ್‌ನಲ್ಲಿ ಅಮಿತಾಭ್ ಬಚ್ಚನ್ ನಡೆಸಿಕೊಟ್ಟ 'ಕೌನ್ ಬನೇಗಾ ಕರೋಡ್‌ಪತಿ' ಆರಂಭವಾದಾಗ ಅದರ ಅತಿ ದೊಡ್ಡ ಬಹುಮಾನ ಒಂದು ಕೋಟಿ ರೂಪಾಯಿ. ಅದರ ಜನಪ್ರಿಯತೆ ಕಂಡು ಅದೇ ವರ್ಷ ಝೀ ಟಿ.ವಿ. 'ಸವಾಲ್ ದಸ್ ಕರೋಡ್ ಕಾ' ತಂದಿತು. ಹತ್ತು ಪಟ್ಟು ಹಣ. ನಡೆಸಿಕೊಡಲು ಅನುಪಮ್ ಖೇರ್ ಮತ್ತು ಮನೀಷಾ ಕೊಯಿರಾಲಾ. ಆದರೂ ಅದು ಜನರನ್ನು ಹಿಡಿದಿಡಲಿಲ್ಲ, ಬಹುಕಾಲ ಬಾಳಲೂ ಇಲ್ಲ.

ಏಕೆ? ದುಡ್ಡಿನಾಸೆ ನಮಗಿಲ್ಲವೆಂದಲ್ಲ. ಒಂದು ಕೋಟಿಗಾಗಿ ಫೋನ್ ಹಿಡಿದು ಕೂತವರೆಲ್ಲ ಜ್ಞಾನದಾಹಿಗಳೇನಲ್ಲ! ಆದರೆ ಬಹುಮಾನ ಒಂದು ಕೋಟಿಯಾದರೂ ಹತ್ತು ಕೋಟಿಯಾದರೂ ಮನೆಯಲ್ಲಿ ಕೂತು ನೋಡುವವನ ಜೇಬಿಗೆ ಬೀಳುವುದು ಸೊನ್ನೆಯೇ. ಅವನು ಕೂತದ್ದು ಸ್ಪರ್ಧಿಗಿಂತ ಮೊದಲು ಉತ್ತರ ಹೇಳಿ ಮನೆಮಂದಿಯೆದುರು ಬೀಗಲು. ಸಾಮಾನ್ಯ ಕಸುಬಿನ ಒಬ್ಬಾತನನ್ನು ಬಚ್ಚನ್‌ರಂಥವರು 'ಆಪ್' ಎಂದು ಬಹುವಚನದಲ್ಲಿ ಮಾತನಾಡಿಸುವುದನ್ನು ಕಾಣಲು. ಕಚೇರಿಯ ಕಿಟಕಿಯಲ್ಲಿ ಏಕವಚನ ಕೇಳಿಸಿಕೊಂಡು ಬಂದವರಿಗೆ ಆ ಮರ್ಯಾದೆ ಸಣ್ಣದಲ್ಲ. ಸ್ಪರ್ಧಿ ಸೋತು ಎದ್ದಾಗಲೂ ನಮಗೆ ಆತನ ಬಗ್ಗೆ ಗೌರವ ಉಳಿದಿರುತ್ತಿತ್ತು. ಹತ್ತು ಕೋಟಿ ಘೋಷಿಸಿದವರು ಇದನ್ನು ಲೆಕ್ಕಕ್ಕೆ ಹಿಡಿದಂತೆ ಕಾಣಲಿಲ್ಲ.