ಕಂಡ ಸತ್ಯ, ಕೇಳಿದ ಸತ್ಯ

ಮಠದ ಹಳೆಯ ವಿದ್ಯಾರ್ಥಿಗಳೂ ಹುಣಸೂರಿನವರೂ ಆದ ಹಿರಿಯರೊಬ್ಬರು ಮೈಸೂರಿನ ಹಳೆಯ ಪುಸ್ತಕದ ಅಂಗಡಿಯೊಂದರಿಂದ ಇಂಗ್ಲಿಷ್ ಗ್ರಂಥವೊಂದನ್ನು ಕೊಂಡು ತಂದಿದ್ದರು. ಫಿಲಿಪ್ ಮೆಡೋಸ್ ಟೇಲರ್ ಎಂಬ ಸೇನಾಧಿಕಾರಿಯ ಆತ್ಮಕಥೆ ಅದು. ಹೊಲಿಗೆ ಸಡಿಲಿ, ಹಿಂದಿನ ಒಡೆಯರ ಹೆಸರು ಮೊದಲ ಪುಟದಲ್ಲಿ ಮಾಸಿಹೋಗಿತ್ತು. “ನಮ್ಮನ್ನು ಆಳಲು ಬಂದವನು ನಮ್ಮವರ ವಿಷಯವಾಗಿ ಬರೆದುದನ್ನು ಎಷ್ಟರಮಟ್ಟಿಗೆ ನಂಬಬಹುದು, ಸ್ವಾಮಿ?” ಎಂದು ಅವರು ಕೇಳಿದರು. ಪ್ರಶ್ನೆ ಸಣ್ಣದಲ್ಲ. ನಾವು ಸ್ವತಃ ಕಾಣದ ಸತ್ಯವನ್ನು ಅನ್ಯರ ಮಾತಿನಿಂದ ಪಡೆಯುವ ಬಗೆ ಹೇಗೆಂಬ ಧರ್ಮಸೂಕ್ಷ್ಮವು ಅದರಲ್ಲಿ ಅಡಗಿದೆ.

ಟೇಲರನು 1808ರಲ್ಲಿ ಹುಟ್ಟಿ, ಹದಿಹರೆಯದಲ್ಲಿಯೇ ಭಾರತಕ್ಕೆ ಬಂದು, ಹೈದರಾಬಾದಿನ ನಿಜಾಮನ ಸೈನ್ಯವನ್ನು ಸೇರಿದನು. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಮೇಲ್ವಿಚಾರಣೆ ಅವನದಾಗಿತ್ತು. ಅಲ್ಲಿಯ ಬೇಡ ಅರಸು ಮನೆತನದ ವೆಂಕಟಪ್ಪ ನಾಯಕನು ಆಗ ಬಾಲಕ. ಹುಡುಗನಿಗೆ ವಿದ್ಯೆ ಕಲಿಸುವುದರಲ್ಲಿಯೂ ಸಂಸ್ಥಾನದ ಹಣಕಾಸನ್ನು ಸರಿಪಡಿಸುವುದರಲ್ಲಿಯೂ ಟೇಲರನು ಶ್ರಮಿಸಿದನು. ಹುಡುಗನು ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು.

ಆದರೆ 1858ರಲ್ಲಿ ಅದೇ ತರುಣ ಅರಸನು ಬ್ರಿಟಿಷರ ವಿರುದ್ಧ ಎದ್ದು, ಸೋತು, ಸೆರೆಯಾದನು. ಟೇಲರನು ಅವನನ್ನು ಸೆರೆಮನೆಯಲ್ಲಿ ಕಂಡನು. ಪ್ರೇರೇಪಿಸಿದವರ ಹೆಸರನ್ನು ಹೇಳಿದರೆ ಕ್ಷಮೆ ದೊರೆಯುವ ಆಸೆ ಇತ್ತು. ಜೀವದಾಸೆಗಾಗಿ ಇತರರನ್ನು ಒಪ್ಪಿಸಿಕೊಡುವುದಿಲ್ಲವೆಂದೂ, ಫಿರಂಗಿಯ ಬಾಯಿಗೆ ಕಟ್ಟಿದರೂ ಸರಿ, ಕಳ್ಳನಂತೆ ನೇಣಿಗೆ ಏರಿಸುವುದು ಬೇಡವೆಂದೂ ಅರಸನು ಹೇಳಿದುದನ್ನು ಟೇಲರನೇ ದಾಖಲಿಸಿದ್ದಾನೆ. ಮರಣದಂಡನೆಯು ಕೊನೆಗೆ ನಾಲ್ಕು ವರ್ಷಗಳ ಸೆರೆಯಾಗಿ ಇಳಿಯಿತು. ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ಅರಸನು ಗುಂಡಿನಿಂದ ಮಡಿದನು.

ಇಲ್ಲಿ ನಾವು ನಿಂತು ಯೋಚಿಸಬೇಕು. ಸೆರೆಮನೆಯ ಮಾತುಕತೆಯನ್ನು ಟೇಲರನು ತನ್ನ ಕಿವಿಯಿಂದಲೇ ಕೇಳಿದ್ದನು. ಅರಸನು ತಾನೇ ಗುಂಡು ಹಾರಿಸಿಕೊಂಡನೆಂಬುದು ಮಾತ್ರ ಅವನಿಗೆ ಬಂದ ವರದಿ. ಅವನು ಆ ದಾರಿಯಲ್ಲಿ ಇರಲಿಲ್ಲ. ಒಂದೇ ಲೇಖನಿಯಿಂದ, ಒಂದೇ ಅಕ್ಷರದಲ್ಲಿ ಎರಡೂ ಮುದ್ರಿತವಾಗಿವೆ. ಆದರೂ ಒಂದು ಕಂಡ ಮಾತು, ಮತ್ತೊಂದು ಕೇಳಿದ ಮಾತು. ಇದರ ಮೇಲೆ, ಟೇಲರನು 1876ರಲ್ಲಿ ತೀರಿಕೊಂಡ ಬಳಿಕ ಅವನ ಮಗಳು ಗ್ರಂಥವನ್ನು ಸಂಪಾದಿಸಿ 1877ರಲ್ಲಿ ಹೊರತಂದಳು. ಹೀಗೆ ಅಂಗಡಿಯ ಹಳೆಯ ರಾಶಿಗೆ ಬೀಳುವ ಮೊದಲೇ ಈ ಕಥೆಯು ಹಲವು ಕೈಗಳನ್ನು ದಾಟಿತ್ತು.

ಹಾಗೆಂದು ಗ್ರಂಥವನ್ನು ಬಿಸುಡಬೇಕೇ? ಅದು ವಿವೇಕವಲ್ಲ. ಟೇಲರನ ಮಮತೆಯು ನಿಜವಾದುದೆಂದೇ ನನಗೆ ತೋರುತ್ತದೆ. ಆದರೆ ಆ ಮಮತೆಗೆ ಅಧಿಕಾರವು ಹೊಸಲಾಗಿತ್ತು. ಅದನ್ನು ದಾಟಿ ಅವನು ಹೊರಗೆ ಬರಲಿಲ್ಲ. ಮಗನಂತೆ ಕಂಡವನ ದಂಗೆಯು ಅವನಿಗೆ ದಾರಿತಪ್ಪಿದ ನಡತೆಯಾಗಿ ಕಂಡಿತೇ ಹೊರತು, ತನ್ನ ಸರಕಾರದ ಅನ್ಯಾಯದ ಫಲವಾಗಿ ಕಾಣಲಿಲ್ಲ. ಅಷ್ಟಾದರೂ ಅರಸನ ಧೀರವಚನವನ್ನು ಅವನು ಮುಚ್ಚಿಡಲಿಲ್ಲ. ಯಾವ ಮಾತು ಬರೆದವನ ಪಕ್ಷಕ್ಕೆ ಅನುಕೂಲವಲ್ಲವೋ, ಆ ಮಾತಿಗೆ ತೂಕ ಹೆಚ್ಚು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಹಿರಿಯರ ಗಾದೆಯು ಕೇಳಿದ ಮಾತಿಗೆ ಇಮ್ಮಡಿಯಾಗಿ ಅನ್ವಯಿಸುತ್ತದೆ.

ಇನ್ನು ನಮ್ಮ ಹುಣಸೂರಿನ ಸಂಗತಿಯನ್ನೇ ನೋಡೋಣ. ಅಮೃತಮಹಲ್ ದನಗಳ ಇಲಾಖೆಯ ಕೇಂದ್ರವಾಗಿದ್ದ ಊರು ಇದು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಸೈನ್ಯಕ್ಕಾಗಿ ಚರ್ಮ ಹದಮಾಡುತ್ತಿದ್ದರು, ಕಂಬಳಿ ನೇಯುತ್ತಿದ್ದರು. ಆ ಎತ್ತುಗಳ ಕಸುವನ್ನು ಸೇನಾಧಿಕಾರಿಗಳು ಹೊಗಳಿ ಬರೆದರು. ಎತ್ತು ಕಾಯ್ದವನ, ತೊಗಲು ತೊಳೆದವನ, ಕಂಬಳಿ ನೇಯ್ದವನ ಆತ್ಮಕಥೆ ಎಲ್ಲಿದೆ? ಅವರ ಬಾಳಿಗೂ ಅಧಿಕಾರಿಯ ಕಾಗದವೇ ನಮಗೆ ಆಧಾರವಾಗಿ ಉಳಿಯಿತು.

ಶರಣರ ಹಿರಿಮೆ ಅರಿವಾಗುವುದು ಇಲ್ಲಿಯೇ. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯ, ಮಾದಾರ ಧೂಳಯ್ಯ, ಆಯ್ದಕ್ಕಿ ಲಕ್ಕಮ್ಮ ಮೊದಲಾದವರು ತಮ್ಮ ಬಾಳಿನ ಸಾಕ್ಷಿಯನ್ನು ತಾವೇ ನುಡಿದರು. ದೋಣಿ ನಡೆಸಿದವರೂ ಅಕ್ಕಿ ಆಯ್ದವರೂ ತಮ್ಮ ಪರವಾಗಿ ಮಾತನಾಡಲು ಮತ್ತೊಬ್ಬರನ್ನು ಕಾಯಲಿಲ್ಲ. ಅನುಭಾವವೆಂದರೆ ಪರರಿಂದ ಎರವಲು ತಂದ ಅರಿವಲ್ಲ. ತಾನು ನಡೆದು, ನೊಂದು, ಕಂಡುಕೊಂಡ ಅರಿವು.

ಆದುದರಿಂದ ಆ ಹಿರಿಯರಿಗೆ ನಾನು ಹೇಳಿದ ಉತ್ತರವಿಷ್ಟೆ. ಗ್ರಂಥವನ್ನು ಓದಿರಿ, ಬರೆದವನು ಯಾವುದನ್ನು ಕಂಡನು, ಯಾವುದನ್ನು ಕೇಳಿದನು, ಯಾವುದನ್ನು ಕಾಣಲಾರದೆ ಹೋದನು ಎಂಬುದನ್ನು ಬೇರ್ಪಡಿಸಿರಿ. ಓದಿ ಮುಗಿಸಿದ ಮೇಲೆ ನಿಮ್ಮ ತಂದೆತಾಯಿಗಳ ಬಾಳನ್ನು, ಮಠದ ಪ್ರಸಾದವುಂಡು ಕಲಿತ ದಿನಗಳನ್ನು ನಿಮ್ಮ ಕೈಯಿಂದಲೇ ಬರೆದಿಡಿರಿ. ನಾವು ಬರೆಯದೆ ಬಿಟ್ಟುದನ್ನು ಮುಂದೆ ಅನ್ಯರು ಬರೆದಾರು. ಆಗ ಅವರು ತಪ್ಪು ಬರೆದರೆಂದು ದೂರುವ ಅಧಿಕಾರ ನಮಗೆ ಎಷ್ಟರದು?

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನ ತಾಯಿಗೆ ಅಕ್ಷರ ಬಾರದು, ಆಕೆ ಹೇಳುವುದನ್ನು ನಾನು ಬರೆದುಕೊಳ್ಳುತ್ತೇನೆ” ಎಂದರು. ಆ ತಾಯಿಗೆ ಈಗ ತೊಂಬತ್ತು ದಾಟಿದೆ. ವಿಳಂಬ ಮಾಡಬೇಡಿರೆಂದು ಕೈಮುಗಿದು ಬೀಳ್ಕೊಟ್ಟೆನು.